ಪುರಸಭೆಯಿಂದ ರಾಷ್ಟ್ರಪತಿ ಭವನದವರೆಗೆ: ಸಾವಳಗಿಯ ಜತ್ತಿ

ಇವತ್ತು ಜಮಖಂಡಿಯಲ್ಲಿ ಬಸ್ಸು ಹತ್ತಿದವರು ಬನಹಟ್ಟಿ, ರಬಕವಿ ನೋಡಿಕೊಂಡು, ಮುಧೋಳ, ಬೀಳಗಿ ಸುತ್ತಿ ಸಂಜೆಗೆ ಮನೆ ಸೇರಬಹುದು. ಎಲ್ಲಾ ಒಂದೇ ಜಿಲ್ಲೆ, ಒಂದೇ ಸರಕಾರ. 1948ರ ಮೊದಲು ಹಾಗಿರಲಿಲ್ಲ ನೋಡ್ರಿ. ಜಮಖಂಡಿ, ಬನಹಟ್ಟಿ ಪಟವರ್ಧನರ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದವು. ರಬಕವಿ ಸಾಂಗಲಿ ಸಂಸ್ಥಾನದ್ದು. ಮುಧೋಳಕ್ಕೆ ಘೋರ್ಪಡೆಯವರು ಒಡೆಯರು. ಬೀಳಗಿ ಮಾತ್ರ ಬ್ರಿಟಿಷರ ಬಿಜಾಪುರ ಜಿಲ್ಲೆಯಲ್ಲಿತ್ತು. ರಬಕವಿಗೂ ಬನಹಟ್ಟಿಗೂ ಕೂಗಳತೆಯ ದೂರ. ಆದರೆ ಒಂದೂರಿನ ನೇಕಾರ ತನ್ನ ಅಹವಾಲು ಹಿಡಕೊಂಡು ಜಮಖಂಡಿ ಕಡೆ ನಡೆಯಬೇಕು, ಪಕ್ಕದ ಊರಿನವ ಸಾಂಗಲಿ ಕಡೆ ನಡೆಯಬೇಕು. ಊರಿನ ನೀರು, ದೀಪ, ರಸ್ತೆಗೆ ದುಡ್ಡು ಬೇಕಾದರೆ ಯಾರ ಬಾಗಿಲು ಬಡಿಯಬೇಕು ಅನ್ನೋದು ಯಾವ ಊರಲ್ಲಿ ಹುಟ್ಟಿದಿ ಅನ್ನೋದರ ಮೇಲೆ ನಿಂತಿತ್ತು.

ಆ ಕಾಲದ ಜಮಖಂಡಿಯಲ್ಲಿ ಪುರಸಭೆಯ ಸದಸ್ಯನಾಗಿ ಶುರು ಮಾಡಿ, ಕಡೆಗೆ ದಿಲ್ಲಿಯ ರಾಷ್ಟ್ರಪತಿ ಭವನದಲ್ಲಿ ಕೂತು ರಾಜ್ಯಗಳ ಹಣೆಬರಹಕ್ಕೆ ಸಹಿ ಹಾಕಿದವರು ಬಸಪ್ಪ ದಾನಪ್ಪ ಜತ್ತಿ. ಹೆಸರು ಎಲ್ಲರಿಗೂ ಗೊತ್ತು. ಊರಾಡಳಿತಕ್ಕೆ ಅವರು ಏನು ಕೊಟ್ಟರು, ಏನು ಕೊಡಲಿಲ್ಲ ಅನ್ನೋದು ಅಷ್ಟಾಗಿ ಗೊತ್ತಿಲ್ಲ.

ಜತ್ತಿಯವರು ಹುಟ್ಟಿದ್ದು 1912ರ ಸೆಪ್ಟೆಂಬರ್ 10ರಂದು, ಜಮಖಂಡಿ ತಾಲೂಕಿನ ಸಾವಳಗಿಯಲ್ಲಿ. ತಂದೆ ದಾನಪ್ಪನವರದು ಸಣ್ಣ ಕಿರಾಣಿ ವ್ಯಾಪಾರ. ಹತ್ತು ವರ್ಷದ ಹುಡುಗನಿಗೆ ಆಗಿನ ಪದ್ಧತಿಯಂತೆ ಮದುವೆಯೂ ಆಯಿತು, ಹೆಂಡತಿ ಸಂಗಮ್ಮ. ಬಿಜಾಪುರದಲ್ಲಿ ಹೈಸ್ಕೂಲು, ಕೊಲ್ಹಾಪುರದ ರಾಜಾರಾಮ ಕಾಲೇಜು, ಅಲ್ಲೇ ಸೈಕ್ಸ್ ಲಾ ಕಾಲೇಜಿನಲ್ಲಿ ಕಾನೂನು. ಆಮೇಲೆ ಜಮಖಂಡಿಗೆ ಬಂದು ವಕೀಲಿ. ಆಳು ಗಿಡ್ಡ, ಮೆತ್ತಗಿನ ಸ್ವಭಾವ. ಗಟ್ಟಿ ದನಿಯ ವಕೀಲರ ನಡುವೆ ಇವರು ಹೇಗೆ ಬದುಕ್ಯಾರು ಅಂತ ಯಾರಿಗಾದರೂ ಅನ್ನಿಸಿದ್ದರೆ ಅದರಲ್ಲಿ ತಪ್ಪಿಲ್ಲ.

1940ರಲ್ಲಿ ಜಮಖಂಡಿ ಪುರಸಭೆಯ ಸದಸ್ಯರಾದರು. 1945ರಲ್ಲಿ ಅಧ್ಯಕ್ಷರಾದರು. ಎರಡನೇ ಮಹಾಯುದ್ಧದ ವರ್ಷಗಳವು, ಪೇಟೆಯಲ್ಲಿ ಸಾಮಾನಿನ ಅಭಾವ, ಎಲ್ಲದಕ್ಕೂ ತುಟ್ಟಿ. ಸಂಸ್ಥಾನದ ಊರಲ್ಲಿ ಒಂದು ಅನುಕೂಲ ಇತ್ತು, ಅದನ್ನು ಒಪ್ಪಿಕೊಳ್ಳಲೇಬೇಕು. ಮೇಲಿನ ಸರಕಾರ ಅಂದರೆ ಊರೊಳಗಿನ ಅರಮನೆ, ದಿವಾನರ ಕಚೇರಿ. ಅರ್ಜಿ ಕೊಡೋಕೆ ಟಾಂಗಾ ಕೂಡ ಬೇಕಿಲ್ಲ. ಆದರೆ ಕೊಡೋದೂ ಬಿಡೋದೂ ದೊರೆಯ ಮರ್ಜಿ. ಹಕ್ಕು ಅಂತ ಕೇಳುವ ಜಾಗ ಅಲ್ಲ ಅದು.

ಜತ್ತಿಯವರು ಆಮೇಲೆ ಸಂಸ್ಥಾನದ ಶಾಸನಸಭೆಗೆ ಆರಿಸಿ ಬಂದರು, ಮಂತ್ರಿಯಾದರು, 1948ರಲ್ಲಿ ದಿವಾನರೇ ಆದರು. ನಿನ್ನೆ ಮೊನ್ನೆ ಪುರಸಭೆಯ ಪರವಾಗಿ ಕೇಳುತ್ತಿದ್ದವರೇ ಈಗ ಕೊಡುವ ಕುರ್ಚಿಯಲ್ಲಿ. ಆದರೆ ಆ ಕುರ್ಚಿ ಬಹಳ ದಿನ ಉಳಿಯಲಿಲ್ಲ. 1948ರ ಮಾರ್ಚ್ 8ರಂದು ಜಮಖಂಡಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ದಿವಾನಗಿರಿ ಮುಗಿಯಿತು. ಜತ್ತಿಯವರು ಕರಿಕೋಟು ಹಾಕಿಕೊಂಡು ಮತ್ತೆ ಕೋರ್ಟಿಗೆ ನಡೆದರು, ಸುಮಾರು 20 ತಿಂಗಳು ವಕೀಲಿ ಮಾಡಿದರು.

ವಿಲೀನದಿಂದ ಜನರಿಗೆ ದೊರೆತನದ ಕಾಟ ತಪ್ಪಿತು, ಮತದಾನದ ಹಕ್ಕು ಬಂತು. ಅದು ದೊಡ್ಡ ಮಾತೇ. ಆದರೆ ಊರಾಡಳಿತದ ಮಟ್ಟಿಗೆ ಇನ್ನೊಂದು ಸಂಗತಿ ನಡೆಯಿತು, ಅದನ್ನು ಹೇಳುವವರು ಕಡಿಮೆ. ನಿನ್ನೆವರೆಗೂ ರಾಜಧಾನಿಗಳಾಗಿದ್ದ ಜಮಖಂಡಿ, ಮುಧೋಳ ಒಂದೇ ದಿನಕ್ಕೆ ಬಿಜಾಪುರ ಜಿಲ್ಲೆಯ ತಾಲೂಕು ಊರುಗಳಾದವು. ಮಾಮಲೇದಾರರಿಂದ ಬಿಜಾಪುರದ ಕಲೆಕ್ಟರು, ಅಲ್ಲಿಂದ ಮುಂಬಯಿ ಸಚಿವಾಲಯ. ಜಮಖಂಡಿಯವರು ಮುಂಬಯಿ ಮುಟ್ಟಬೇಕಾದರೆ ಕುಡಚಿಗೆ ಹೋಗಿ ರೈಲು ಹಿಡಿಯಬೇಕು, ಮಿರಜ ದಾಟಿ ಹೋಗಬೇಕು. ಕಾಗದವೂ ಹೆಚ್ಚು ಕಮ್ಮಿ ಅದೇ ಹಾದಿ ಹಿಡಿಯಬೇಕು, ಮನುಷ್ಯನಿಗಿಂತ ನಿಧಾನ.

ವಿಲೀನವಾದ ಪ್ರದೇಶದ ಪ್ರತಿನಿಧಿಯಾಗಿ ಜತ್ತಿಯವರನ್ನು ಮುಂಬಯಿ ಶಾಸನಸಭೆಗೆ ನಾಮಕರಣ ಮಾಡಿದರು. ಒಂದು ವಾರದೊಳಗೆ ಅವರು ಮುಖ್ಯಮಂತ್ರಿ ಬಿ.ಜಿ. ಖೇರ ಅವರ ಸಂಸದೀಯ ಕಾರ್ಯದರ್ಶಿ. 1952ರ ಚುನಾವಣೆ ನಂತರ ಆರೋಗ್ಯ ಮತ್ತು ಕಾರ್ಮಿಕ ಖಾತೆಯ ಉಪಮಂತ್ರಿ. 1956ರ ನವೆಂಬರ್ 1ಕ್ಕೆ ರಾಜ್ಯಗಳ ವಿಂಗಡಣೆಯಾಗಿ ಬಿಜಾಪುರ ಜಿಲ್ಲೆ ಮೈಸೂರು ರಾಜ್ಯ ಸೇರಿತು. ಎಂಟೇ ವರ್ಷದಲ್ಲಿ ಈ ಊರುಗಳು ಮೂರನೇ ಯಜಮಾನನ ಕೈಗೆ ಬಂದಿದ್ದವು. ಈ ಸಲ ಅರ್ಜಿ ತಿರುಗಿದ್ದು ಬೆಂಗಳೂರಿನ ಕಡೆ.

ಬೆಂಗಳೂರಿನಲ್ಲಿ ಭೂಸುಧಾರಣಾ ಸಮಿತಿಯ ಅಧ್ಯಕ್ಷತೆ ಜತ್ತಿಯವರಿಗೆ ಸಿಕ್ಕಿತು. ಮುಂದೆ 1961ರ ಭೂಸುಧಾರಣಾ ಕಾಯಿದೆಗೆ ಅದೇ ದಾರಿಯಾಯಿತು. 1958ರಲ್ಲಿ ನಿಜಲಿಂಗಪ್ಪನವರು ಕೆಳಗಿಳಿದಾಗ ಪಕ್ಷದೊಳಗೆ ಪೈಪೋಟಿ ನಡೆದು ಜತ್ತಿಯವರು ಗೆದ್ದರು. ಮೇ 16ಕ್ಕೆ ಮುಖ್ಯಮಂತ್ರಿ. ಕಿರಾಣಿ ಅಂಗಡಿಯ ಮಗ ವಿಧಾನಸೌಧದಲ್ಲಿ ಕೂತರು. ಆ ಕುರ್ಚಿಯಲ್ಲಿ 1962ರ ಮಾರ್ಚ್‌ವರೆಗೆ ಇದ್ದರು.

ಇನ್ನು ಅಸಲು ವಿಷಯ.

ಆಗ ಮೈಸೂರು ರಾಜ್ಯದಲ್ಲಿ ಊರಾಡಳಿತ ಅಂದರೆ ಐದು ಬಟ್ಟೆ ಸೇರಿಸಿ ಹೊಲಿದ ಕೌದಿ. ಹಳೇ ಮೈಸೂರಿಗೆ ಒಂದು ಕಾನೂನು, ಮುಂಬಯಿ ಕರ್ನಾಟಕಕ್ಕೆ ಒಂದು, ಹೈದರಾಬಾದ್ ಕರ್ನಾಟಕಕ್ಕೆ ಒಂದು, ಮದ್ರಾಸಿನಿಂದ ಬಂದ ಭಾಗಕ್ಕೆ ಒಂದು, ಕೊಡಗಿಗೆ ಒಂದು. ತೆರಿಗೆ, ಅನುದಾನ, ಅಧಿಕಾರ ಎಲ್ಲಾ ಬೇರೆ ಬೇರೆ. ಒಂದೇ ರಾಜ್ಯದ ಎರಡು ಪಂಚಾಯತಿ ಒಂದೇ ಕೆಲಸಕ್ಕೆ ಬೇರೆ ಬೇರೆ ನಿಯಮ ನೋಡಬೇಕು. ಜತ್ತಿಯವರ ಸರಕಾರ 1959ರಲ್ಲಿ ಗ್ರಾಮ ಪಂಚಾಯತಿ ಮತ್ತು ಸ್ಥಳೀಯ ಮಂಡಳಿಗಳ ಕಾಯಿದೆ ತಂದು ಇವನ್ನೆಲ್ಲಾ ಒಂದೇ ಮಾಡಿತು. ಹಳ್ಳಿಗೆ ಪಂಚಾಯತಿ, ತಾಲೂಕಿಗೆ ಜನರೇ ಆರಿಸಿದ ತಾಲೂಕು ಅಭಿವೃದ್ಧಿ ಮಂಡಳಿ, ಜಿಲ್ಲೆಗೆ ಜಿಲ್ಲಾ ಅಭಿವೃದ್ಧಿ ಪರಿಷತ್ತು. ಭೂಕಂದಾಯದಲ್ಲಿ ಊರಾಡಳಿತಕ್ಕೂ ಒಂದು ಪಾಲು ಅಂತ ಕಾನೂನಿನಲ್ಲೇ ಬರೆದರು. ಮರ್ಜಿಯ ಜಾಗದಲ್ಲಿ ಪಾಲು ಬಂತು. ಸಂಸ್ಥಾನದ ಪುರಸಭೆಯಲ್ಲಿ ಕೂತು ಬಂದವರ ಸರಕಾರದಿಂದ ಇದು ಬಂದದ್ದು ಸಣ್ಣ ಕೆಲಸ ಅಲ್ಲ.

ಆದರೆ ಬಿಜಾಪುರ, ಬೆಳಗಾವಿ, ಧಾರವಾಡ ಕಡೆಯವರಿಗೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಕೊಂಡಂಗಾತು. ಮುಂಬಯಿ ಆಡಳಿತದಲ್ಲಿ ಈ ಜಿಲ್ಲೆಗಳಿಗೆ ಜಿಲ್ಲಾ ಲೋಕಲ್ ಬೋರ್ಡುಗಳಿದ್ದವು. ಅವುಗಳಲ್ಲಿ ಚುನಾಯಿತ ಸದಸ್ಯರು, ಚುನಾಯಿತ ಅಧ್ಯಕ್ಷರು. ಹೊಸ ಕಾಯಿದೆ ಆ ಬೋರ್ಡುಗಳನ್ನು ಎತ್ತಿಹಾಕಿತು. ಅವುಗಳ ಜಾಗಕ್ಕೆ ಬಂದ ಜಿಲ್ಲಾ ಪರಿಷತ್ತಿಗೆ ಅಧ್ಯಕ್ಷರು ಯಾರು? ಡೆಪ್ಯುಟಿ ಕಮಿಷನರ್. ಶಾಸಕರು, ಸಂಸದರು, ತಾಲೂಕು ಮಂಡಳಿ ಅಧ್ಯಕ್ಷರು ಸುತ್ತ ಕೂತು ಮಾತಾಡಬಹುದು, ಸಲಹೆ ಕೊಡಬಹುದು. ಕೈಯಲ್ಲಿ ಸ್ವಂತ ಆಡಳಿತ ಇಲ್ಲ. ತಾಲೂಕು ಮಂಡಳಿಯಲ್ಲೂ ನೌಕರರು ಸರಕಾರದವರು, ಯೋಜನೆ ಸರಕಾರದ್ದು. ಕಂದಾಯದ ಪಾಲು ನಂಬಿಕೊಂಡು ದೊಡ್ಡ ಕೆಲಸ ಹಿಡಿಯೋದು ಆಗದ ಮಾತು. ಬರಗಾಲ ಬಿದ್ದರೆ ಕಂದಾಯವೇ ಇಲ್ಲ, ಪಾಲೆಲ್ಲಿಂದ ಬರಬೇಕು? ಈ ನಾಲ್ಕೂ ತಾಲೂಕಿಗೆ ಬರ ಹೊಸದೇನಲ್ಲವಲ್ಲ.

ಹೀಗೆ ಜಿಲ್ಲಾ ಮಟ್ಟದಲ್ಲಿ ಹೋದ ಚುನಾಯಿತ ಸಂಸ್ಥೆ ತಿರುಗಿ ಬರಬೇಕಾದರೆ 1983ರ ಕಾಯಿದೆ ಆಗಬೇಕಾಯಿತು, 1987ರಲ್ಲಿ ಜಿಲ್ಲಾ ಪರಿಷತ್ ಚುನಾವಣೆ ನಡೆಯಬೇಕಾಯಿತು. ಸುಮಾರು ಮೂರು ದಶಕ ಖಾಲಿ. ಜತ್ತಿಯವರ ಮೇಲೆ ಪ್ರೀತಿ ಇರುವವರೂ ಈ ಲೆಕ್ಕವನ್ನು ಅವರ ಹೆಸರಿಗೇ ಬರೆಯಬೇಕು.

ಅಧಿಕಾರ ಹೋದ ಮೇಲೆ ಅವರು ಮುನಿಸಿಕೊಂಡು ಮನೆಯಲ್ಲಿ ಕೂರಲಿಲ್ಲ. 1962ರ ಜುಲೈಯಲ್ಲಿ ಹಣಕಾಸು ಮಂತ್ರಿಯಾದರು, 1967ರ ಚುನಾವಣೆ ನಂತರ ಆಹಾರ ಖಾತೆ ನೋಡಿಕೊಂಡರು. ಮುಖ್ಯಮಂತ್ರಿಯಾಗಿದ್ದವರು ಇನ್ನೊಬ್ಬರ ಕೈಕೆಳಗೆ ಮಂತ್ರಿಯಾಗೋದು ಎಲ್ಲರಿಗೂ ಒಗ್ಗುವ ಕೆಲಸ ಅಲ್ಲ. ಈ ನಡುವೆ 1964ರಲ್ಲಿ ಪುರಸಭೆಗಳಿಗೂ ಇಡೀ ರಾಜ್ಯಕ್ಕೆ ಒಂದೇ ಕಾಯಿದೆ ಬಂತು. ಅದೇ ವರ್ಷ ಬೆಂಗಳೂರಿನಲ್ಲಿ ಜತ್ತಿಯವರು ಬಸವ ಸಮಿತಿ ಕಟ್ಟಿದರು. 1968ರಲ್ಲಿ ಪಾಂಡಿಚೇರಿಗೆ ಲೆಫ್ಟಿನೆಂಟ್ ಗವರ್ನರ್, 1972ರಲ್ಲಿ ಒರಿಸ್ಸಾಕ್ಕೆ ರಾಜ್ಯಪಾಲ, 1974ರಲ್ಲಿ ಉಪರಾಷ್ಟ್ರಪತಿ.

1977ರ ಫೆಬ್ರುವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡರು. ಜತ್ತಿಯವರು ಹಂಗಾಮಿ ರಾಷ್ಟ್ರಪತಿ. ಮರು ತಿಂಗಳೇ ಚುನಾವಣೆಯಲ್ಲಿ ಇಂದಿರಾ ಗಾಂಧಿ ಸೋತರು, ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣವಚನ ಬೋಧಿಸಿದವರು ಸಾವಳಗಿಯ ಈ ಮನುಷ್ಯ. ಏಪ್ರಿಲ್‌ನಲ್ಲಿ ಪೇಚು ಬಂತು. ಲೋಕಸಭೆಯಲ್ಲಿ ಕಾಂಗ್ರೆಸ್ ಸೋತ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಬೇಕು ಅಂತ ಹೊಸ ಸರಕಾರ ಹೊರಟಿತು. ಉತ್ತರ ಪ್ರದೇಶ, ಬಿಹಾರ, ರಾಜಸ್ಥಾನ, ಜೊತೆಗೆ ಜತ್ತಿಯವರೇ ರಾಜ್ಯಪಾಲರಾಗಿದ್ದ ಒರಿಸ್ಸಾ ಕೂಡ ಪಟ್ಟಿಯಲ್ಲಿತ್ತು. ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಏಪ್ರಿಲ್ 29ರಂದು ಕೋರ್ಟು ಅವುಗಳ ದಾವೆ ತಳ್ಳಿಹಾಕಿತು.

ಕಡತ ಜತ್ತಿಯವರ ಮೇಜಿಗೆ ಬಂತು. ಅವರು ತಕ್ಷಣ ಸಹಿ ಹಾಕಲಿಲ್ಲ. ದಿಲ್ಲಿಯಲ್ಲಿ ಗದ್ದಲ ಎದ್ದಿತು, ಪತ್ರಿಕೆಗಳು ಬೈದವು, ಇಂದಿರಾ ಕಡೆಯವರು ಅಂತ ಅವರಿಗೆ ಹಣೆಪಟ್ಟಿ ಹಚ್ಚಿದರು. ಹಿಂದಿನ ವರ್ಷವಷ್ಟೇ 42ನೇ ತಿದ್ದುಪಡಿಯಲ್ಲಿ ಮಂತ್ರಿಮಂಡಲದ ಸಲಹೆಯಂತೆ ರಾಷ್ಟ್ರಪತಿ ನಡೆಯಲೇಬೇಕು ಅಂತ ಸ್ಪಷ್ಟ ಬರೆದಿದ್ದರು. ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ. ಏಪ್ರಿಲ್ 30ರಂದು ಸಹಿ ಬಿತ್ತು.

ಆ ತಡವನ್ನು ಪಕ್ಷದ ನಿಷ್ಠೆ ಅಂತಲೂ ಓದಬಹುದು. ಹಾಗೆ ಓದಿದವರೇ ಹೆಚ್ಚು. ಆದರೆ ಪುರಸಭೆಯಲ್ಲಿ ಕೂತು ಬಂದವರಿಗೆ ಈ ಆಟ ಅಪರಿಚಿತ ಅಲ್ಲ. ರಾಜ್ಯ ಸರಕಾರ ಬೇಡವಾದ ಪುರಸಭೆಯನ್ನು ಬರಖಾಸ್ತು ಮಾಡಿ ಆಡಳಿತಾಧಿಕಾರಿಯನ್ನು ಕೂಡಿಸುತ್ತದೆ. ಕೇಂದ್ರ ಬೇಡವಾದ ವಿಧಾನಸಭೆಯನ್ನು ಬರಖಾಸ್ತು ಮಾಡಿ ರಾಜ್ಯಪಾಲರ ಕೈಗೆ ಕೊಡುತ್ತದೆ. ಊರಲ್ಲಿ ಆದಾಗ ಸುದ್ದಿ ಒಳಪುಟದಲ್ಲಿ ಬರುತ್ತದೆ, ಅಷ್ಟೇ ಫರಕು.

1977ರ ಜುಲೈ 25ಕ್ಕೆ ನೀಲಂ ಸಂಜೀವ ರೆಡ್ಡಿಯವರಿಗೆ ಜಾಗ ಬಿಟ್ಟುಕೊಟ್ಟು ಜತ್ತಿಯವರು ಉಪರಾಷ್ಟ್ರಪತಿ ಕೆಲಸಕ್ಕೆ ಮರಳಿದರು, 1979ರವರೆಗೆ ಇದ್ದರು. ಅವರು ದಿಲ್ಲಿಯಲ್ಲಿರುವಾಗಲೇ, 1979ರ ಏಪ್ರಿಲ್‌ನಲ್ಲಿ, ಇತ್ತ ಕರ್ನಾಟಕದಲ್ಲಿ ಜಕಾತಿ ರದ್ದಾಯಿತು. ಅಂಗಡಿಕಾರರು ಖುಷಿಪಟ್ಟರು, ನಾಕಾದಲ್ಲಿ ಗಾಡಿ ನಿಲ್ಲಿಸಿ ಮೂಟೆ ಎಣಿಸುವ ಕಿರಿಕಿರಿ ಹೋಯಿತು. ಪುರಸಭೆಗಳಿಗೆ ಮಾತ್ರ ದಿನವೂ ಗಲ್ಲೆಗೆ ಬೀಳುತ್ತಿದ್ದ ಸ್ವಂತ ದುಡ್ಡು ನಿಂತಿತು. ಬದಲಿಗೆ ಬೆಂಗಳೂರಿನಿಂದ ಅನುದಾನ. ಅದು ಯಾವಾಗ ಬರುತ್ತದೆ, ಎಷ್ಟು ಬರುತ್ತದೆ ಅಂತ ಮೇಲೆ ಮುಖ ಮಾಡಿ ಕೂರುವ ಕಾಲ ಶುರುವಾಯಿತು. ಊರಾಡಳಿತಗಳಿಗೆ ಎಷ್ಟು ದುಡ್ಡು ಸಲ್ಲಬೇಕು ಅಂತ ಹೇಳಲು ರಾಜ್ಯ ಹಣಕಾಸು ಆಯೋಗ ಇರಲೇಬೇಕು ಅನ್ನುವ ಮಾತು ಸಂವಿಧಾನದಲ್ಲಿ ಸೇರಿ ಜಾರಿಗೆ ಬಂದದ್ದು 1993ರಲ್ಲಿ. ಜತ್ತಿಯವರಿಗೆ ಆಗ ಎಂಬತ್ತು ದಾಟಿತ್ತು.

ಅವರು ತೀರಿಕೊಂಡದ್ದು 2002ರ ಜೂನ್ 7ರಂದು. ಅಷ್ಟು ಹೊತ್ತಿಗೆ ಸಾವಳಗಿಯ ವಿಳಾಸ ಮತ್ತೊಮ್ಮೆ ಬದಲಾಗಿತ್ತು. ಸಂಸ್ಥಾನ, ಮುಂಬಯಿ, ಮೈಸೂರು, ಕರ್ನಾಟಕ ಎಲ್ಲಾ ಆಗಿ, 1997ರಿಂದ ಅದು ಬಿಜಾಪುರ ಬಿಟ್ಟು ಬಾಗಲಕೋಟೆ ಜಿಲ್ಲೆಗೆ ಸೇರಿತ್ತು.