ಅಡುಗೆಮನೆಯಿಂದ ಅಮೂರ್ತದೆಡೆಗೆ: ಪಾಲ್ ಕ್ಲೇಯ ಬದುಕು ಮತ್ತು ಕಲೆ

ಅಮೂರ್ತ ಚಿತ್ರಕಲೆ ಬದುಕಿಗೆ ಬೆನ್ನು ತಿರುಗಿಸಿದ ಕಲೆ, ನಿತ್ಯದ ಅನ್ನನೀರಿನ ಲೋಕಕ್ಕೂ ಅದಕ್ಕೂ ನಂಟಿಲ್ಲ ಎಂಬ ಆಕ್ಷೇಪ ಆಗಾಗ ಕೇಳಿಬರುತ್ತದೆ. ಇಪ್ಪತ್ತನೆಯ ಶತಮಾನದ ಯುರೋಪಿನ ಕಲಾವಿದ ಪಾಲ್ ಕ್ಲೇಯ ಜೀವನವನ್ನು ಬಲ್ಲವರಿಗೆ ಈ ಮಾತನ್ನು ಒಪ್ಪುವುದು ಕಷ್ಟ. ಅಮೂರ್ತ ಕಲೆಗೆ ಹೊಸ ವ್ಯಾಕರಣವನ್ನು ಕಟ್ಟಿಕೊಟ್ಟ ಈತನ ಕಲೆ ಬೆಳೆದದ್ದು ಅಡುಗೆಮನೆಯಲ್ಲಿ, ಮಗುವಿನ ಆಟದ ಸಾಮಾನುಗಳ ನಡುವೆ, ಸೈನ್ಯದ ಸಂಬಳದ ಕಚೇರಿಯ ಮೇಜಿನ ಬಳಿ ಮತ್ತು ಕೊನೆಗೆ ಕಾಯಿಲೆಯ ಕೋಣೆಯಲ್ಲಿ.

ಕ್ಲೇ ಹುಟ್ಟಿದ್ದು 1879ರ ಡಿಸೆಂಬರ್ 18ರಂದು, ಸ್ವಿಟ್ಜರ್ಲೆಂಡಿನ ರಾಜಧಾನಿ ಬರ್ನ್ ನಗರಕ್ಕೆ ಸಮೀಪದ ಮ್ಯುಂಚೆನ್‌ಬುಕ್‌ಸೇ ಎಂಬ ಊರಿನಲ್ಲಿ. ತಂದೆ ಹಾನ್ಸ್ ಕ್ಲೇ ಜರ್ಮನಿಯಿಂದ ಬಂದವನು, ಶಿಕ್ಷಕರ ತರಬೇತಿ ಶಾಲೆಯಲ್ಲಿ ಸಂಗೀತದ ಅಧ್ಯಾಪಕ. ತಾಯಿ ಇಡಾ ಫ್ರಿಕ್ ಸ್ವಿಸ್ ಹೆಣ್ಣುಮಗಳು, ಗಾಯನವನ್ನು ಅಭ್ಯಾಸ ಮಾಡಿದವಳು. ಅಂದಿನ ಕಾನೂನಿನಂತೆ ತಂದೆಯ ಪೌರತ್ವವೇ ಮಗನಿಗೂ ಬಂದಿತು. ಹೀಗಾಗಿ ಬರ್ನಿನ ಬೀದಿಗಳಲ್ಲಿ ಆಡಿ, ಅಲ್ಲಿಯ ಆಡುನುಡಿಯಲ್ಲೇ ಮಾತು ಕಲಿತ ಹುಡುಗ ಕಾಗದಪತ್ರಗಳಲ್ಲಿ ಮಾತ್ರ ಜರ್ಮನಿಯವನಾಗಿ ಉಳಿದನು. ನುಡಿ ಒಂದು ಕಡೆ, ದಾಖಲೆ ಇನ್ನೊಂದು ಕಡೆ ಇರುವ ಈ ಸ್ಥಿತಿ ಗಡಿನಾಡಿನ ಓದುಗರಿಗೆ ಅಪರಿಚಿತವೇನಲ್ಲ. ಕ್ಲೇಯ ಬದುಕಿನಲ್ಲಿ ಅದು ಕೊನೆಯ ದಿನದವರೆಗೂ ಬಗೆಹರಿಯದೆ ಉಳಿಯಿತು.

ಮನೆಯಲ್ಲಿ ಸಂಗೀತವೇ ಮೊದಲ ಭಾಷೆ. ಏಳನೆಯ ವಯಸ್ಸಿಗೆ ಪಿಟೀಲು ಕೈಗೆ ಬಂದಿತು. ಮುಂದೆ ಬರ್ನಿನ ವಾದ್ಯವೃಂದದಲ್ಲಿ ನುಡಿಸುವಷ್ಟು ಪಳಗಿದನು. ಚಿತ್ರದ ದೀಕ್ಷೆ ದೊರೆತದ್ದು ಅಜ್ಜಿಯಿಂದ. ತಾಯಿಯ ತಾಯಿ ಬಣ್ಣದ ಕಡ್ಡಿಗಳನ್ನು ಕೊಟ್ಟು ಗೆರೆ ಎಳೆಯಲು ಕಲಿಸಿದಳು. ಅವನ ಕುಟುಂಬದ ಬಂಧುವೊಬ್ಬನ ಉಪಾಹಾರ ಗೃಹದಲ್ಲಿ ನುಣುಪಾದ ಅಮೃತಶಿಲೆಯ ಹಾಸುಗಳುಳ್ಳ ಮೇಜುಗಳಿದ್ದವು. ಆ ಕಲ್ಲಿನ ಎಳೆಗಳ ಸಿಕ್ಕಿನಲ್ಲಿ ಬಾಲಕ ಕ್ಲೇಗೆ ವಿಚಿತ್ರವಾದ ಮನುಷ್ಯಾಕೃತಿಗಳು ಕಾಣುತ್ತಿದ್ದವು. ಅವನ್ನು ಪೆನ್ಸಿಲಿನಲ್ಲಿ ಹಿಡಿದಿಡುತ್ತಿದ್ದನು. ತಿಂಡಿಯ ತಟ್ಟೆ ಇಡುವ ಕಲ್ಲಿನಲ್ಲಿ ರೂಪವನ್ನು ಹುಡುಕುವ ಈ ಅಭ್ಯಾಸವನ್ನು ಅವನು ಮುಂದೆಯೂ ಬಿಡಲಿಲ್ಲ.

1898ರಲ್ಲಿ, ಸಂಗೀತವೋ ಚಿತ್ರವೋ ಎಂಬ ತೊಳಲಾಟ ಮುಗಿದು, ಚಿತ್ರ ಕಲಿಯಲು ಅವನು ಜರ್ಮನಿಯ ಮ್ಯೂನಿಕ್ ನಗರಕ್ಕೆ ಹೋದನು. ಮೊದಲು ಕ್ನಿರ್ ಎಂಬುವನ ಶಾಲೆ, ಬಳಿಕ ಅಕಾಡೆಮಿಯಲ್ಲಿ ಫ್ರಾಂಜ್ ಫಾನ್ ಸ್ಟುಕ್‌ನ ತರಗತಿ. 1901ರಿಂದ 1902ರವರೆಗೆ ಇಟಲಿಯ ಪ್ರವಾಸ. ರೋಮಿನ ಪ್ರಾಚೀನ ಶಿಲ್ಪಗಳ ಎದುರು ತನ್ನ ಕಾಲದವನು ಮಾಡಬೇಕಾದದ್ದೇನು ಎಂಬ ಸಂಶಯ ಅವನನ್ನು ಕಾಡಿತು. ನೇಪಲ್ಸಿನ ಮತ್ಸ್ಯಾಗಾರದ ಗಾಜಿನ ಹಿಂದೆ ತೇಲುವ ಜೀವಿಗಳು ಮಾತ್ರ ಮನಸ್ಸಿನಲ್ಲಿ ಆಳವಾಗಿ ಇಳಿದವು. 1925ರ ‘ಮೀನಿನ ಮಾಯೆ’ ಎಂಬ ಚಿತ್ರದ ಕಪ್ಪು ನೀರಿನಲ್ಲಿ ಅವೇ ಮರಳಿ ಬಂದಂತಿವೆ. ಇಟಲಿಯಿಂದ ಬಂದವನು ಬರ್ನಿನಲ್ಲಿ ತಂದೆತಾಯಿಯರ ಮನೆಯಲ್ಲಿದ್ದು, ಪಿಟೀಲು ನುಡಿಸಿ ಅಷ್ಟಿಷ್ಟು ಗಳಿಸುತ್ತ, ತಾಮ್ರ ಮತ್ತು ಸತುವಿನ ಫಲಕಗಳ ಮೇಲೆ ಗೆರೆ ಕೊರೆಯುತ್ತ ಕಾಲ ಕಳೆದನು. ಗೆರೆ ಅವನಿಗೆ ಒಲಿದಿತ್ತು; ಬಣ್ಣ ಇನ್ನೂ ಒಲಿದಿರಲಿಲ್ಲ.

1906ರಲ್ಲಿ ಪಿಯಾನೋ ವಾದಕಿ ಲಿಲಿ ಸ್ಟುಂಪ್ಫ್‌ಳನ್ನು ಮದುವೆಯಾಗಿ ಕ್ಲೇ ಮ್ಯೂನಿಕ್‌ನಲ್ಲಿ ನೆಲೆಸಿದನು. ಮುಂದಿನ ವರ್ಷ ಮಗ ಫೆಲಿಕ್ಸ್ ಹುಟ್ಟಿದನು. ಸಂಸಾರ ನಡೆದದ್ದು ಲಿಲಿಯ ಪಿಯಾನೋ ಪಾಠಗಳ ಆದಾಯದಿಂದ. ಆಕೆ ಪಾಠ ಹೇಳಲು ಹೋದಾಗ ಅಡುಗೆ, ಮನೆಗೆಲಸ, ಮಗುವಿನ ಪಾಲನೆ ಎಲ್ಲವೂ ಕ್ಲೇಯ ಪಾಲಿಗೆ. ಆ ಕಾಲದ ಯುರೋಪಿನಲ್ಲಿ ಇದು ಅಪರೂಪದ ಏರ್ಪಾಡು. ಪ್ರತ್ಯೇಕ ಚಿತ್ರಶಾಲೆ ಇರಲಿಲ್ಲವಾದ್ದರಿಂದ ಅಡುಗೆಮನೆಯೇ ಚಿತ್ರಶಾಲೆಯೂ ಆಯಿತು. ಚಿತ್ರಗಳು ಮೇಜಿನ ಮೇಲೆ ಹಿಡಿಸುವಷ್ಟು ಚಿಕ್ಕವಾಗಿದ್ದವು. ಮಗು ತೀವ್ರವಾಗಿ ಕಾಯಿಲೆ ಬಿದ್ದಾಗ ತಂದೆ ಅದರ ಆರೋಗ್ಯದ ಏರಿಳಿತಗಳನ್ನು ದಿನದಿನವೂ ಬರೆದಿಟ್ಟನು. ಮಗನ ಒಂಬತ್ತನೆಯ ಹುಟ್ಟುಹಬ್ಬಕ್ಕೆ ಕೈಗೊಂಬೆಗಳನ್ನು ಮಾಡತೊಡಗಿ, ಮುಂದಿನ ವರ್ಷಗಳಲ್ಲಿ ಸುಮಾರು ಐವತ್ತು ಗೊಂಬೆಗಳನ್ನು ಮಾಡಿಕೊಟ್ಟನು. ಬಟ್ಟೆಯ ಚೂರು, ದನದ ಮೂಳೆ, ಬೆಂಕಿಪೊಟ್ಟಣ, ವಿದ್ಯುತ್ತಿನ ಸಾಕೆಟ್ಟು, ಹೀಗೆ ಮನೆಯಲ್ಲಿ ಬಿಸಾಡಲು ಇಟ್ಟದ್ದೆಲ್ಲ ಮುಖಗಳಾದವು.

1911ರಲ್ಲಿ ಕ್ಲೇ ತನ್ನ ಕೃತಿಗಳ ಪಟ್ಟಿಯನ್ನು ಸ್ವಂತ ಕೈಯಲ್ಲಿ ಬರೆಯಲಾರಂಭಿಸಿದನು. ಪ್ರತಿ ಚಿತ್ರಕ್ಕೂ ಕ್ರಮಸಂಖ್ಯೆ, ಹೆಸರು, ಬಳಸಿದ ಸಾಮಗ್ರಿಯ ವಿವರ. ಬಾಲ್ಯದಲ್ಲಿ ಗೀಚಿದ ಕೆಲವು ಚಿತ್ರಗಳಿಗೂ ಅಲ್ಲಿ ಸ್ಥಾನ ಕೊಟ್ಟನು. ಅಕಾಡೆಮಿಯ ಅಭ್ಯಾಸದ ಬಹುಪಾಲನ್ನು ಕೈಬಿಟ್ಟನು. ಮಗುವಿನ ಗೆರೆಯಲ್ಲಿ ಕಲಿಕೆಯಿಂದ ಬಾರದ ಒಂದು ನೇರತನವಿದೆ ಎಂಬ ಅವನ ನಂಬಿಕೆಗೆ ಇದೇ ಸಾಕ್ಷಿ. ತಮ್ಮ ಮಗುವೂ ಇಷ್ಟು ಬಿಡಿಸಬಲ್ಲದು ಎಂದು ಕೆಲವು ಪ್ರೇಕ್ಷಕರು ಅವನ ಚಿತ್ರಗಳನ್ನು ಹಳಿದದ್ದುಂಟು. ಮಗುವಿಗೆ ತಾನಾಗಿ ಬರುವುದನ್ನು ತಿಳಿದವನು ಮರಳಿ ಪಡೆಯಲು ಪಡಬೇಕಾದ ಪಾಡು ಅವರ ಗಮನಕ್ಕೆ ಬಂದಿರಲಿಲ್ಲ.

ಅದೇ ವರ್ಷ ವಾಸಿಲಿ ಕ್ಯಾಂಡಿನ್‌ಸ್ಕಿ ಮತ್ತು ಫ್ರಾಂಜ್ ಮಾರ್ಕ್ ಕಟ್ಟಿದ ‘ನೀಲಿ ಸವಾರ’ ಬಳಗದ ಪರಿಚಯವಾಯಿತು. 1912ರಲ್ಲಿ ಪ್ಯಾರಿಸಿಗೆ ಹೋಗಿ, ಬಣ್ಣಗಳ ಪರಸ್ಪರ ಸಂಬಂಧದಿಂದಲೇ ಚಿತ್ರ ಕಟ್ಟುತ್ತಿದ್ದ ರಾಬರ್ಟ್ ದೆಲೋನೆಯನ್ನು ಕಂಡನು. 1914ರ ಏಪ್ರಿಲಿನಲ್ಲಿ ಆಗಸ್ಟ್ ಮಾಕೆ ಮತ್ತು ಲೂಯಿ ಮೊಯ್ಯೆ ಎಂಬ ಗೆಳೆಯರೊಡನೆ ಉತ್ತರ ಆಫ್ರಿಕದ ಟ್ಯುನಿಸಿಯಕ್ಕೆ ಪಯಣಿಸಿದನು. ಅಲ್ಲಿಯ ಬಿಸಿಲು, ಬಿಳಿ ಗೋಡೆಗಳು, ಗುಮ್ಮಟಗಳು, ತೋಟಗಳು ಅವನ ಜಲವರ್ಣದಲ್ಲಿ ಚೌಕಚೌಕದ ಬಣ್ಣಗಳಾದವು. ಕೈರುವಾನ್ ಪಟ್ಟಣದಲ್ಲಿ, ಬಣ್ಣ ಕೊನೆಗೂ ತನ್ನನ್ನು ವಶಮಾಡಿಕೊಂಡಿತು, ಇನ್ನು ತಾನು ಚಿತ್ರಕಾರ ಎಂಬ ಭಾವನೆ ಅವನಲ್ಲಿ ಮೂಡಿತು. ಆಗ ಅವನಿಗೆ ಮೂವತ್ತನಾಲ್ಕು ವರ್ಷ. ಎರಡು ವಾರಕ್ಕೂ ಕಡಿಮೆಯ ಆ ಪಯಣದ ಹಿಂದೆ ಹದಿನೈದು ವರ್ಷಗಳ ಪಟ್ಟುಹಿಡಿದ ಅಭ್ಯಾಸವಿತ್ತು.

ಆ ಬೇಸಿಗೆಯಲ್ಲೇ ಮೊದಲ ಮಹಾಯುದ್ಧ ಆರಂಭವಾಯಿತು. ಸೆಪ್ಟೆಂಬರಿನಲ್ಲಿ ಮಾಕೆ ರಣರಂಗದಲ್ಲಿ ಮಡಿದನು. 1916ರ ಮಾರ್ಚ್ 4ರಂದು ವರ್ಡನ್ ಬಳಿ ಫ್ರಾಂಜ್ ಮಾರ್ಕ್ ಸತ್ತನು. ಒಂದು ವಾರದಲ್ಲೇ ಕ್ಲೇಗೂ ಸೈನ್ಯದ ಕರೆ ಬಂದಿತು. ಅವನ ದೈವಕ್ಕೆ ಕಾಳಗದ ಸಾಲು ತಪ್ಪಿತು. ವಿಮಾನಗಳಿಗೆ ಬಣ್ಣ ಬಳಿಯುವುದು, ಸಾಮಗ್ರಿಯೊಡನೆ ರೈಲಿನಲ್ಲಿ ಕಾವಲು ಹೋಗುವುದು, ಆಮೇಲೆ ಗೆರ್ಸ್ಟ್‌ಹೋಫೆನ್‌ನ ವಿಮಾನ ಶಾಲೆಯಲ್ಲಿ ಸಂಬಳದ ಲೆಕ್ಕ ಬರೆಯುವುದು ಅವನ ಕೆಲಸವಾದವು. ಬಿದ್ದು ಒಡೆದ ವಿಮಾನಗಳ ರೆಕ್ಕೆಯ ನಾರುಬಟ್ಟೆಯನ್ನು ಕತ್ತರಿಸಿ ಅದರ ಮೇಲೆ ಚಿತ್ರ ಬರೆದನು. ಲೋಕ ಭಯಾನಕವಾದಷ್ಟೂ ಕಲೆ ಅಮೂರ್ತವಾಗುತ್ತದೆ ಎಂಬ ವಿಚಾರ ಅವನ ದಿನಚರಿಯಲ್ಲಿ ಕಾಣಿಸಿಕೊಂಡದ್ದು ಈ ಕಾಲದಲ್ಲೇ. ಕಣ್ಣೆದುರಿನ ರೂಪಗಳೇ ಒಡೆದು ಬಿದ್ದಿರುವಾಗ ಉಳಿದ ಚೂರುಗಳಿಂದ ಹೊಸದನ್ನು ಕಟ್ಟುವ ದಾರಿಯಾಗಿ ಅವನು ಅಮೂರ್ತವನ್ನು ಕಂಡನು.

1920ರ ಕೊನೆಯಲ್ಲಿ ವಾಸ್ತುಶಿಲ್ಪಿ ವಾಲ್ಟರ್ ಗ್ರೋಪಿಯಸ್ ಅವನನ್ನು ಬೌಹೌಸ್ ಎಂಬ ಹೊಸ ಕಲಾಶಾಲೆಗೆ ಬರಮಾಡಿಕೊಂಡನು. ವೈಮಾರ್ ನಗರದಲ್ಲಿ ಆರಂಭವಾಗಿ 1925ರಲ್ಲಿ ಡೆಸ್ಸಾವ್‌ಗೆ ಸ್ಥಳಾಂತರಗೊಂಡ ಈ ಶಾಲೆಯಲ್ಲಿ ಅವನು ಹತ್ತು ವರ್ಷ ಪಾಠ ಹೇಳಿದನು. ಡೆಸ್ಸಾವ್‌ನಲ್ಲಿ ಅವನದೂ ಕ್ಯಾಂಡಿನ್‌ಸ್ಕಿಯದೂ ಒಂದೇ ಕಟ್ಟಡದ ಜೋಡಿಮನೆಗಳು. ಪಾಠಕ್ಕಾಗಿ ಬರೆದಿಟ್ಟ ಟಿಪ್ಪಣಿಗಳು ಸುಮಾರು 3,900 ಪುಟಗಳಷ್ಟಿವೆ. ಚುಕ್ಕೆಯೊಂದು ನಿಂತಲ್ಲಿ ನಿಲ್ಲದೆ ಅಡ್ಡಾಡಲು ಹೊರಟರೆ ಗೆರೆ ಹುಟ್ಟುತ್ತದೆ, ಗೆರೆ ಸರಿದರೆ ಮೈ ಪಡೆಯುತ್ತದೆ ಎಂಬಲ್ಲಿಂದ ಅವನ ಪಾಠದ ಮೊದಲು. ಚುಕ್ಕೆಯಿಟ್ಟು ಎಳೆ ಎಳೆಯುವ ರಂಗೋಲಿಯ ಕೈಗಳಿಗೆ ಇದು ತೀರ ಹೊಸದೆನಿಸದು. ನೇಯ್ಗೆಯ ವಿಭಾಗದ ವಿದ್ಯಾರ್ಥಿನಿಯರಿಗೂ ಅವನು ರೂಪತತ್ತ್ವವನ್ನು ಕಲಿಸಿದನು. ಹಾಸು ಹೊಕ್ಕುಗಳ ಲಯ, ಸಂಗೀತದ ತಾಳ, ಚೌಕಗಳ ಬಣ್ಣ ಈ ಮೂರೂ ಅವನ ಚಿಂತನೆಯಲ್ಲಿ ಒಂದೇ ನಿಯಮದ ಮೂರು ಮುಖಗಳು.

ಕಲೆಯು ಕಂಡದ್ದನ್ನು ಕಂಡಂತೆ ಪುನಃ ತೋರಿಸುವ ಕೆಲಸವಲ್ಲ, ಕಾಣದಿರುವುದನ್ನು ಕಾಣುವಂತೆ ಮಾಡುವ ಕೆಲಸ ಎಂಬುದು ಅವನ ನಿಲುವು. 1924ರಲ್ಲಿ ಯೇನಾ ನಗರದ ಉಪನ್ಯಾಸದಲ್ಲಿ ಇದನ್ನು ಅವನು ಮರದ ಹೋಲಿಕೆಯಿಂದ ವಿವರಿಸಿದನು. ಬೇರು ಎಂದರೆ ಪ್ರಕೃತಿ ಮತ್ತು ಬದುಕು, ಕಲಾವಿದ ಕಾಂಡ, ಕೃತಿ ಮೇಲಿನ ಹರವು. ಕಾಂಡದ ಮೂಲಕ ಏರುವುದು ಬೇರಿನ ರಸವೇ. ಆದರೆ ಕೊಂಬೆಗಳು ಬೇರಿನ ಪಡಿಯಚ್ಚಿನಂತಿರಬೇಕೆಂದು ಯಾರೂ ಬಯಸುವುದಿಲ್ಲ. ಕಲಾವಿದ ಅಲ್ಲಿ ಒಡೆಯನೂ ಅಲ್ಲ, ಆಳೂ ಅಲ್ಲ, ಸಾಗಿಸುವವನು ಮಾತ್ರ. ಅಮೂರ್ತ ಚಿತ್ರದ ಮೇಲಿನ ಆಕ್ಷೇಪಕ್ಕೆ ಇಷ್ಟು ಸರಳವಾದ ಸಮಾಧಾನ ವಿರಳ.

ಈ ಮಾತಿಗೆ ಅವನ ಚಿತ್ರಗಳೇ ನಿದರ್ಶನ. 1922ರ ‘ಚಿಲಿಪಿಲಿ ಯಂತ್ರ’ದಲ್ಲಿ ತಂತಿಯ ಮೇಲೆ ಕುಳಿತ ನಾಲ್ಕು ಹಕ್ಕಿಗಳಿವೆ, ಅವನ್ನು ತಿರುಗಿಸಲು ಒಂದು ಹಿಡಿಕೆಯಿದೆ. ಎಣ್ಣೆಬಣ್ಣ ಬಳಿದ ಹಾಳೆಯನ್ನು ಮಸಿಕಾಗದದಂತೆ ನಡುವೆ ಇಟ್ಟು, ಸೂಜಿಯಿಂದ ಗೆರೆ ತೀಡಿ ಅಚ್ಚು ಮೂಡಿಸುವ ತನ್ನದೇ ವಿಧಾನವನ್ನು ಅವನು ಇಲ್ಲಿ ಬಳಸಿದ್ದಾನೆ. 1932ರ ‘ಆಡ್ ಪಾರ್ನಾಸ್ಸುಮ್’ನಲ್ಲಿ ಸಾವಿರಾರು ಪುಟ್ಟ ಬಣ್ಣದ ಹನಿಗಳ ನಡುವೆ ಒಂದು ಇಳಿಜಾರು, ಒಂದು ಬಾಗಿಲು, ಒಂದು ಕಿತ್ತಳೆ ಬಣ್ಣದ ಬಿಂಬ ಕಾಣುತ್ತವೆ. ಬೆಟ್ಟವೋ ಮನೆಯ ಮಾಡೋ ಎಂದು ಚಿತ್ರ ಹೇಳುವುದಿಲ್ಲ. ನೋಡುವವನೂ ಎರಡನ್ನೂ ಬಿಟ್ಟುಕೊಡಬೇಕಾಗಿಲ್ಲ.

ಭಾರತಕ್ಕೂ ಅವನ ಚಿತ್ರಗಳು ಬೇಗನೇ ಬಂದವು. 1922ರ ಡಿಸೆಂಬರಿನಲ್ಲಿ ಕಲ್ಕತ್ತೆಯ ಇಂಡಿಯನ್ ಸೊಸೈಟಿ ಆಫ್ ಓರಿಯೆಂಟಲ್ ಆರ್ಟ್ ನಡೆಸಿದ ಪ್ರದರ್ಶನದಲ್ಲಿ, ಸ್ಟೆಲ್ಲಾ ಕ್ರಾಮ್ರಿಶ್‌ರ ಪ್ರಯತ್ನದಿಂದ, ಬೌಹೌಸ್ ಕಲಾವಿದರ ಕೃತಿಗಳು ಇಲ್ಲಿಯ ಕಲಾವಿದರ ಕೃತಿಗಳೊಡನೆ ಪ್ರದರ್ಶಿತವಾದವು. ಕ್ಲೇಯ ಚಿತ್ರಗಳೂ ಅವುಗಳಲ್ಲಿದ್ದವು. ಮುಂದೆ ಗೋವೆಯ ಮೂಲದ ವಾಸುದೇವ ಗಾಯತೋಂಡೆಯವರ ಆರಂಭದ ಕೃತಿಗಳ ಮೇಲೆ ಕ್ಲೇಯ ಪ್ರಭಾವ ಗಾಢವಾಗಿ ಬಿದ್ದಿತು.

1931ರಲ್ಲಿ ಕ್ಲೇ ಡ್ಯೂಸೆಲ್‌ಡಾರ್ಫ್ ಅಕಾಡೆಮಿಯಲ್ಲಿ ಪ್ರಾಧ್ಯಾಪಕನಾದನು. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದರು. ಅವನ ಮನೆಯ ಶೋಧ ನಡೆಯಿತು, ಯಹೂದಿಯೆಂಬ ಸುಳ್ಳು ಆರೋಪ ಬಂದಿತು, ಕೆಲಸ ಹೋಯಿತು. ಆ ವರ್ಷ ಬರೆದ ‘ಪಟ್ಟಿಯಿಂದ ಹೊಡೆದುಹಾಕಲಾಗಿದೆ’ ಎಂಬ ಚಿತ್ರದಲ್ಲಿ ಕಣ್ಣು ಮುಚ್ಚಿದ ಮುಖವೊಂದರ ತಲೆಯ ಮೇಲೆ ಕಪ್ಪು ಕತ್ತರಿ ಗುರುತು ಬಿದ್ದಿದೆ. ಡಿಸೆಂಬರಿನಲ್ಲಿ ದಂಪತಿಗಳು ಬರ್ನಿಗೆ ಹಿಂತಿರುಗಿದರು. 1937ರಲ್ಲಿ ನಾಜಿಗಳು ಏರ್ಪಡಿಸಿದ ‘ಪತಿತ ಕಲೆ’ ಎಂಬ ಅವಹೇಳನದ ಪ್ರದರ್ಶನದಲ್ಲಿ ಅವನ 17 ಕೃತಿಗಳನ್ನು ತೂಗುಹಾಕಲಾಯಿತು; ಜರ್ಮನಿಯ ಸಾರ್ವಜನಿಕ ಸಂಗ್ರಹಗಳಿಂದ 102 ಕೃತಿಗಳು ಮುಟ್ಟುಗೋಲಾದವು.

1935ರಲ್ಲಿ ಕಾಯಿಲೆ ಹಿಡಿಯಿತು. ಚರ್ಮವೂ ಒಳಗಿನ ಅಂಗಗಳೂ ಬಿಗಿದು ಗಟ್ಟಿಯಾಗುವ ಸ್ಕ್ಲೆರೋಡರ್ಮಾ ಅದೆಂದು ಇಂದಿನ ವೈದ್ಯರು ಅಭಿಪ್ರಾಯಪಡುತ್ತಾರೆ. ಅನ್ನ ನುಂಗುವುದೂ ಕಷ್ಟವಾಯಿತು. ಪಿಟೀಲು ಮೂಲೆ ಸೇರಿತು. 1936ರಲ್ಲಿ ಪಟ್ಟಿಗೆ ಸೇರಿದ್ದು ಕೇವಲ 25 ಕೃತಿಗಳು. ಮುಂದಿನ ವರ್ಷ 264, ಅದರ ಮುಂದಿನ ವರ್ಷ 489, 1939ರಲ್ಲಿ 1,253. ಸೂಕ್ಷ್ಮ ಗೆರೆಯ ಜಾಗದಲ್ಲಿ ದಪ್ಪನೆಯ ಕಪ್ಪು ಪಟ್ಟೆಗಳು ಬಂದವು. ಕ್ಯಾನ್ವಾಸಿನ ಜಾಗದಲ್ಲಿ ಗೋಣಿತಟ್ಟು, ಹಳೆಯ ಸುದ್ದಿಪತ್ರಿಕೆ, ಅಂಟು ಬೆರೆಸಿದ ಬಣ್ಣ ಬಂದವು. ಆ ಕಾಲದ ದೇವದೂತರ ಚಿತ್ರಗಳಲ್ಲಿ ಮರೆಗುಳಿಗಳಿದ್ದಾರೆ, ಅಳುವವರಿದ್ದಾರೆ. ರೆಕ್ಕೆಯಿದ್ದರೂ ಮನುಷ್ಯರ ಕುಂದುಗಳನ್ನು ಕಳೆದುಕೊಳ್ಳದವರು ಅವರು. 1940ರ ‘ಸಾವು ಮತ್ತು ಬೆಂಕಿ’ಯಲ್ಲಿನ ಬಿಳಿ ಮುಖದ ಗೆರೆಗಳು ಜರ್ಮನ್ ಭಾಷೆಯಲ್ಲಿ ಸಾವು ಎಂಬ ಪದದ ಅಕ್ಷರಗಳಾಗಿಯೂ ಓದಿಸಿಕೊಳ್ಳುತ್ತವೆ.

ಹುಟ್ಟಿದ ನಾಡಿನ ಪೌರತ್ವಕ್ಕಾಗಿ ಅವನು ಸಲ್ಲಿಸಿದ ಅರ್ಜಿ ಈ ನಡುವೆ ಕಚೇರಿಯಿಂದ ಕಚೇರಿಗೆ ಸಾಗುತ್ತಿತ್ತು. ಅವನ ಕಲೆಯೇ ಅಧಿಕಾರಿಗಳ ಸಂಶಯಕ್ಕೆ ಗುರಿಯಾಯಿತು. ಪೊಲೀಸರ ವಿಚಾರಣೆ ನಡೆಯಿತು. ಅಂತಿಮ ತೀರ್ಮಾನ ಬರುವ ಮೊದಲೇ, 1940ರ ಜೂನ್ 29ರಂದು, ಲೊಕಾರ್ನೋ ಬಳಿಯ ಮುರಾಲ್ಟೋದ ಆಸ್ಪತ್ರೆಯಲ್ಲಿ ಅವನು ತೀರಿಕೊಂಡನು. ಹುಟ್ಟಿದ ನೆಲದಲ್ಲೇ ಸತ್ತನು, ಆದರೆ ಕಾಗದದಲ್ಲಿ ಪರದೇಶಿಯಾಗಿಯೇ.

ಒಂಬತ್ತು ಸಾವಿರಕ್ಕೂ ಮಿಕ್ಕ ಕೃತಿಗಳನ್ನು ಬಿಟ್ಟುಹೋದ ಈ ಕಲಾವಿದನ ಹೆಸರಿನಲ್ಲಿ 2005ರಲ್ಲಿ ಬರ್ನಿನಲ್ಲೇ ಒಂದು ಕೇಂದ್ರ ತೆರೆಯಿತು. ರೆಂಜೋ ಪಿಯಾನೋ ವಿನ್ಯಾಸಗೊಳಿಸಿದ ಆ ಕಟ್ಟಡದ ಮಾಡು ಮೂರು ಅಲೆಗಳಂತೆ ಬಾಗಿದೆ. ಅವನ ಸುಮಾರು ನಾಲ್ಕು ಸಾವಿರ ಕೃತಿಗಳು ಅಲ್ಲಿವೆ. ಫೆಲಿಕ್ಸ್‌ಗಾಗಿ ಬೆಂಕಿಪೊಟ್ಟಣದಲ್ಲಿ, ಮೂಳೆಯಲ್ಲಿ, ಹಳೆಯ ಬಟ್ಟೆಯಲ್ಲಿ ಮಾಡಿದ ಗೊಂಬೆಗಳಲ್ಲಿ ಮೂವತ್ತರಷ್ಟು ಉಳಿದುಬಂದಿವೆ. ಕ್ಲೇಯ ಅಮೂರ್ತವನ್ನು ಮೊದಲ ಸಲ ನೋಡುವ ವಿದ್ಯಾರ್ಥಿ ಆ ಗೊಂಬೆಗಳಿಂದ ಆರಂಭಿಸಿದರೆ ದಾರಿ ಸುಲಭವಾದೀತು.