ಒಂದೇ ಮನೆಯ ಕುಂಚಗಳು

ವೇಣೂರು, ಮೂಡುಬಿದಿರೆ, ಬಂಟ್ವಾಳದ ಕಡೆಯ ಹಳೆಯ ಮನೆಗಳ ಚಾವಡಿಯಲ್ಲಿ ಎರಡು ಬಗೆಯ ಚಿತ್ರಗಳು ಕಾಣಸಿಗುವುದುಂಟು. ಒಂದು, ಕಮಲದ ಮೇಲೆ ನಿಂತ ಲಕ್ಷ್ಮಿಯ ಅಥವಾ ವೀಣೆ ಹಿಡಿದ ಸರಸ್ವತಿಯ ಅಚ್ಚಿನ ಪಟ. ಇನ್ನೊಂದು, ಮನೆಯವರೇ ಯಾರೋ ಬಿಡುವಿನಲ್ಲಿ ಬರೆದು ಹಿರಿಯರಿಗೆ ಒಪ್ಪಿಸಿದ ಚಿತ್ರ. ಮೊದಲನೆಯದನ್ನು ಕಂಡೊಡನೆ ರವಿವರ್ಮನ ಹೆಸರು ಬಾಯಿಗೆ ಬರುತ್ತದೆ. ಎರಡನೆಯದನ್ನು ಬರೆದವರ ಹೆಸರು ಎರಡು ತಲೆಮಾರು ಕಳೆಯುವಷ್ಟರಲ್ಲಿ ಮನೆಯವರಿಗೇ ಮರೆತುಹೋಗಿರುತ್ತದೆ. ರಾಜಾ ರವಿವರ್ಮರ ಬದುಕಿನಲ್ಲಿ ಈ ಎರಡೂ ಚಿತ್ರಗಳ ಕಥೆಯಿದೆ. ನಾವು ಕೇಳುತ್ತ ಬಂದಿರುವುದು ಮೊದಲನೆಯದನ್ನು ಮಾತ್ರ.

ರವಿವರ್ಮ 1848ರ ಏಪ್ರಿಲ್ 29ರಂದು ತಿರುವಾಂಕೂರು ಸಂಸ್ಥಾನದ ಕಿಳಿಮಾನೂರಿನಲ್ಲಿ ಜನಿಸಿದರು. ತಾಯಿ ಉಮಯಾಂಬಾ ತಂಬುರಾಟ್ಟಿ ಕವಯಿತ್ರಿ. ಆ ಮನೆತನದಲ್ಲಿ ವಂಶ ಸಾಗುವುದು ತಾಯಿಯ ಕಡೆಯಿಂದ. ಅಳಿಯಕಟ್ಟನ್ನು ಬಲ್ಲ ತುಳುನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1604ರಲ್ಲಿ ವೇಣೂರಿನಲ್ಲಿ ಬಾಹುಬಲಿಯನ್ನು ನಿಲ್ಲಿಸಿದ ತಿಮ್ಮಣ್ಣ ಅಜಿಲನನ್ನು ಅಲ್ಲಿನ ಶಾಸನ ಪರಿಚಯಿಸುವುದೂ ತಾಯಿಯ ಹೆಸರು ಹೇಳಿಯೇ. ಕಿಳಿಮಾನೂರಿನಲ್ಲಿ ಕುಂಚವೂ ಸೋದರಮಾವನಿಂದ ಸೋದರಳಿಯನಿಗೆ ಬಂದಿತು. ಮಾವ ರಾಜರಾಜವರ್ಮ ಸ್ವತಃ ಚಿತ್ರ ಬರೆಯುತ್ತಿದ್ದವರು. ಹುಡುಗನ ಕೈಯ ಕಸುವನ್ನು ಮೊದಲು ಗುರುತಿಸಿದವರು ಅವರೇ. 1862ರಲ್ಲಿ ಅವನನ್ನು ತಿರುವನಂತಪುರಕ್ಕೆ ಕರೆದೊಯ್ದು ಆಯಿಲ್ಯಂ ತಿರುನಾಳ್ ಮಹಾರಾಜರ ಆಶ್ರಯದಲ್ಲಿ ಬಿಟ್ಟವರೂ ಅವರೇ.

ಆಗ ತೈಲವರ್ಣ ನಮ್ಮ ಕಡೆಗೆ ಹೊಸತು. ನೀರಿನ ಬಣ್ಣ ಬೇಗ ಒಣಗುತ್ತದೆ. ಎಣ್ಣೆಯ ಬಣ್ಣ ದಿನಗಟ್ಟಲೆ ಹಸಿಯಾಗಿರುತ್ತದೆ. ಬೆಳಕನ್ನು ನೆರಳಿನೊಳಗೆ ನಿಧಾನವಾಗಿ ಕರಗಿಸಲು, ಮೈಬಣ್ಣದ ಹೊಳಪನ್ನೂ ರೇಷ್ಮೆಯ ಮಡಿಕೆಯನ್ನೂ ತೋರಿಸಲು ಅದರಿಂದ ಸಾಧ್ಯವಾಗುತ್ತದೆ. ಈ ಗುಟ್ಟನ್ನು ಹೇಳಿಕೊಡುವವರು ಮಾತ್ರ ಸಿಗಲಿಲ್ಲ. ಆಸ್ಥಾನದ ಚಿತ್ರಕಾರ ರಾಮಸ್ವಾಮಿ ನಾಯ್ಡು ಕಲಿಸಲು ಒಪ್ಪಲಿಲ್ಲ. 1868ರಲ್ಲಿ ಅರಮನೆಗೆ ಬಂದ ಯುರೋಪಿನ ಚಿತ್ರಕಾರ ಥಿಯೋಡೋರ್ ಜೆನ್ಸನ್ ತಾವು ಬರೆಯುವಾಗ ನೋಡಲು ಬಿಟ್ಟರೇ ಹೊರತು ಪಾಠ ಹೇಳಲಿಲ್ಲ. ರವಿವರ್ಮ ಕಂಡದ್ದನ್ನು ನೆನಪಿನಲ್ಲಿಟ್ಟುಕೊಂಡು, ತಪ್ಪುತ್ತ ತಿದ್ದುತ್ತ ತಾವೇ ಕಲಿತರು. ಆ ವರ್ಷಗಳಲ್ಲಿ ಅವರು ವೃತ್ತಿನಿರತರಲ್ಲ. ಅರಸು ಮನೆತನದ ಬಂಧುವಾಗಿದ್ದ ಒಬ್ಬ ಹವ್ಯಾಸಿ.

ಈ ಬದುಕು ಹೊರಳಿದ್ದು ಕನ್ನಡ ನೆಲದಲ್ಲಿ. 1870ರಲ್ಲಿ ರವಿವರ್ಮ ಇಂದು ಉಡುಪಿ ಜಿಲ್ಲೆಗೆ ಸೇರಿರುವ ಕೊಲ್ಲೂರಿಗೆ ಬಂದು ಮೂಕಾಂಬಿಕೆಯ ಸನ್ನಿಧಿಯಲ್ಲಿ 41 ದಿನಗಳ ವ್ರತ ಹಿಡಿದರು. ಹಿಂದಿರುಗುವಾಗ ಕಲ್ಲಿಕೋಟೆಯಲ್ಲಿ ನ್ಯಾಯಾಧೀಶ ಕಿಳಕ್ಕೆ ಪಾಲಾಟ್ ಕೃಷ್ಣ ಮೆನನ್ ಅವರ ಕುಟುಂಬದ ಚಿತ್ರವನ್ನು ಬರೆದು, ಮೊದಲ ಬಾರಿಗೆ ಸಂಭಾವನೆ ಪಡೆದರು. ಅರಸು ಮನೆತನದವನೊಬ್ಬ ಚಿತ್ರ ಬರೆದು ಹಣ ಪಡೆಯುವುದು ಆ ಕಾಲಕ್ಕೆ ಗೌರವದ ಸಂಗತಿಯಾಗಿರಲಿಲ್ಲ. ಕುಟುಂಬವೊಂದರ ಚಿತ್ರದಿಂದಲೇ ಅವರ ಕಲೆ ಸ್ವಂತ ಕುಟುಂಬದ ಹೊಸ್ತಿಲು ದಾಟಿತು.

ಮುಂದಿನದು ಎಲ್ಲರೂ ಬಲ್ಲ ಕಥೆ. 1873ರಲ್ಲಿ ಮದರಾಸಿನ ಪ್ರದರ್ಶನದಲ್ಲಿ ಮೊದಲ ಬಹುಮಾನ, ವಿಯೆನ್ನಾದಲ್ಲಿ ಪುರಸ್ಕಾರ. 1885ರಲ್ಲಿ ಚಾಮರಾಜೇಂದ್ರ ಒಡೆಯರ ಆಹ್ವಾನದ ಮೇಲೆ ಮೈಸೂರಿಗೆ ಬಂದು ರಾಜಪರಿವಾರದ ಭಾವಚಿತ್ರಗಳ ರಚನೆ. ಬಳಿಕ ಬರೋಡಾದ ಅರಮನೆಗಾಗಿ 14 ಪೌರಾಣಿಕ ಚಿತ್ರಗಳು. 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ಸ್ಥಾಪಿಸಿ ದೇವರ ಪಟಗಳನ್ನು ಬಡವರ ಗೋಡೆಗೂ ತಲುಪಿಸಿದರು. ಮುದ್ರಣಾಲಯ ಲಾಭ ತರಲಿಲ್ಲ. 1901ರಲ್ಲಿ ಅದು ಜರ್ಮನಿಯ ಫ್ರಿಟ್ಜ್ ಶ್ಲೈಷರ್ ಅವರ ಪಾಲಾಯಿತು. ಪಟಗಳು ಮಾತ್ರ ನಾಡೆಲ್ಲ ಹರಡಿದವು.

ಈ ಯಶಸ್ಸು ಒಬ್ಬರ ದುಡಿಮೆಯಲ್ಲ. ತಮ್ಮ ಸಿ. ರಾಜರಾಜವರ್ಮ ಊರೂರಿಗೆ ಜೊತೆಯಲ್ಲಿದ್ದರು, ಅಣ್ಣನ ಚಿತ್ರಗಳಿಗೆ ನೆರವಾದರು, ತಾವೂ ಪ್ರಕೃತಿಚಿತ್ರಗಳನ್ನು ಬರೆದರು. ಅವರು ಇಟ್ಟ ದಿನಚರಿಯಿಂದಲೇ ಆ ಸಂಚಾರದ ವಿವರಗಳು ನಮಗೆ ತಿಳಿದಿವೆ. 1905ರಲ್ಲಿ ತಮ್ಮ ತೀರಿಕೊಂಡಾಗ ಅಣ್ಣ ಕುಗ್ಗಿಹೋದರು. 1906ರ ಅಕ್ಟೋಬರ್ 2ರಂದು ಕಿಳಿಮಾನೂರಿನಲ್ಲಿ ರವಿವರ್ಮರೂ ಕಣ್ಮುಚ್ಚಿದರು.

ಅದೇ ಮನೆಯಲ್ಲಿ ಇನ್ನೊಂದು ಕುಂಚವಿತ್ತು. ತಂಗಿ ಮಂಗಳಾಬಾಯಿ ತಂಬುರಾಟ್ಟಿ ಕೂಡ ತೈಲವರ್ಣದಲ್ಲಿ ಪಳಗಿದವರು. ಕೈಯಲ್ಲಿ ಕಸುವಿತ್ತು, ಮನೆಯಲ್ಲಿ ಬಣ್ಣವಿತ್ತು, ಕಣ್ಣೆದುರು ಅಣ್ಣಂದಿರ ಕೆಲಸವಿತ್ತು. ಇಲ್ಲದ್ದು ಹೊರಗಿನ ದಾರಿ. ಆಸ್ಥಾನದಿಂದ ಆಸ್ಥಾನಕ್ಕೆ ಸಂಚರಿಸುವುದು, ಅಪರಿಚಿತರೆದುರು ಕುಳಿತು ಅವರ ಚಿತ್ರ ಬರೆಯುವುದು ಆ ಕಾಲದ ಕುಲೀನ ಹೆಣ್ಣಿಗೆ ತೆರೆದಿದ್ದ ಬದುಕಾಗಿರಲಿಲ್ಲ. ತಾಯಿಯ ಕಡೆಯಿಂದ ವಂಶ ಎಣಿಸುವ ಮನೆಯಲ್ಲೂ ಕಲೆಯ ಕೀರ್ತಿ ಗಂಡಸರ ಕಡೆಗೇ ಹರಿಯಿತು. ಈ ವಿಚಾರದಲ್ಲಿ ತುಳುನಾಡಿನ ಅಳಿಯಕಟ್ಟೂ ಬೇರೆಯೆಂದು ನಾವು ಬೀಗಬೇಕಾಗಿಲ್ಲ.

ಮಂಗಳಾಬಾಯಿ ತಮ್ಮ ಅಣ್ಣನ ಭಾವಚಿತ್ರವನ್ನು ಬರೆದರು. ಎಷ್ಟೋ ಅರಸರನ್ನು, ರಾಣಿಯರನ್ನು ಬಣ್ಣದಲ್ಲಿ ಹಿಡಿದಿಟ್ಟ ಚಿತ್ರಕಾರನನ್ನು ಹಿಡಿದಿಟ್ಟದ್ದು ಮನೆಯ ತಂಗಿ. ಅರಸರ ಅಪ್ಪಣೆಗೆ ಬರೆದ ಚಿತ್ರಗಳ ನಡುವೆ ಇದನ್ನು ತಂಗಿಯೊಬ್ಬಳು ಅಣ್ಣನಿಗೆ ಸಲ್ಲಿಸಿದ ಕಾಣಿಕೆಯೆಂದೇ ನೋಡಬಹುದು. ಅದು ಉಳಿದುಬಂದು ತಿರುವನಂತಪುರದ ಶ್ರೀಚಿತ್ರಾ ಕಲಾಶಾಲೆಯನ್ನು ಸೇರಿದ್ದರಿಂದ ಬರೆದವರ ಹೆಸರೂ ಉಳಿಯಿತು.

1979ರಲ್ಲಿ ಭಾರತ ಸರ್ಕಾರ ರವಿವರ್ಮರ ಕೃತಿಗಳನ್ನು ರಾಷ್ಟ್ರದ ಕಲಾಸಂಪತ್ತೆಂದು ಘೋಷಿಸಿತು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ಅವರ ಚಿತ್ರಗಳನ್ನು ಕಾಯುವುದಕ್ಕೆ ಸಂಸ್ಥೆಯಿದೆ, ಕಾನೂನಿದೆ. ಮಗಳ ಮದುವೆಗೆಂದು ತಾಯಿ ಬರೆದ, ಅಜ್ಜನ ನೆನಪಿಗೆಂದು ಮೊಮ್ಮಗ ಬರೆದ ತೈಲಚಿತ್ರಕ್ಕೆ ಅಂಥ ರಕ್ಷಣೆಯಿಲ್ಲ. ಕರಾವಳಿಯ ಮಳೆಗಾಲದ ತೇವಕ್ಕೆ ಅದರ ಮೇಲೆ ಬೂಷ್ಟು ಹತ್ತುತ್ತದೆ. ಮನೆ ಪಾಲಾದಾಗ ಅದು ಯಾರ ಪಾಲಿಗೂ ಬರುವುದಿಲ್ಲ. ಅಂಥ ಚಿತ್ರಗಳೆಲ್ಲ ಶ್ರೇಷ್ಠ ಕಲೆಯೆಂದು ವಾದಿಸಬೇಕಿಲ್ಲ. ಕೊಲ್ಲೂರಿಗೆ ಬರುವ ಮೊದಲು ರವಿವರ್ಮರೂ ಮನೆಯ ಹವ್ಯಾಸಿಯೇ ಆಗಿದ್ದರೆಂಬುದನ್ನು ನೆನೆದರೆ ಸಾಕು. ಚಿತ್ರವನ್ನು ಒಣಗಿದ ಗೋಡೆಗೆ ಹಾಕೋಣ. ಅದರ ಬೆನ್ನಿಗೆ ಬರೆದವರ ಹೆಸರನ್ನೂ ಇಸವಿಯನ್ನೂ ಗುರುತಿಸಿಡೋಣ.