ಹಕ್ಕಿಗಳ ಹಾದಿಯಲ್ಲಿ ಸಲೀಂ ಅಲಿ

ಮುಂಜಾವಿನಲ್ಲಿ ದುರ್ಬೀನು ಹಿಡಿದು, ಹಕ್ಕಿಗಳನ್ನು ಅರಸುತ್ತ ಕಾಡುಮೇಡು ಅಲೆದ ಸಲೀಂ ಅಲಿಯವರು 1896ರಲ್ಲಿ ಮುಂಬಯಿಯಲ್ಲಿ ಜನಿಸಿದರು. ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡ ಅವರನ್ನು ಸೋದರಮಾವ ಸಾಕಿದರು. ಒಮ್ಮೆ ಆಟದ ಬಂದೂಕಿನಿಂದ ತಾವೇ ಹೊಡೆದುರುಳಿಸಿದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆಯಿದ್ದುದು ಅವರಿಗೆ ಸೋಜಿಗವನ್ನುಂಟುಮಾಡಿತು. ಅದಾವ ಹಕ್ಕಿಯೆಂದು ಕೇಳಲು ಮುಂಬಯಿಯ ನಿಸರ್ಗ ಚರಿತ್ರೆಯ ಸಂಘಕ್ಕೆ ಹೋದ ಬಾಲಕ ಅಲ್ಲಿಯ ಪಕ್ಷಿಸಂಗ್ರಹಕ್ಕೆ ಮನಸೋತನು.

ಪದವಿಯಿಲ್ಲದ ಕಾರಣ ಮುಂದೆ ಸರಕಾರಿ ಹುದ್ದೆಯೊಂದು ಅವರ ಕೈತಪ್ಪಿತು. ಕಚೇರಿಯ ಕುರ್ಚಿ ದೊರೆತಿದ್ದರೆ ಅವರು ನಮ್ಮ ನಾಡಿಗೆ ಬರುತ್ತಿದ್ದರೋ ಇಲ್ಲವೋ! ದೇಶೀಯ ಸಂಸ್ಥಾನಗಳ ಹಕ್ಕಿಗಳ ಸಮೀಕ್ಷೆಯನ್ನು ಅವರು ಸಂಬಳ ಬಯಸದೆ ಕೈಗೊಂಡರು. ಕಾಡಿನ ಬಿಡಾರಗಳಲ್ಲಿ ಪತ್ನಿ ತೆಹಮಿನಾ ಜೊತೆಗಿರುತ್ತಿದ್ದರು. 1939ರಲ್ಲಿ, ಶಸ್ತ್ರಚಿಕಿತ್ಸೆಯೊಂದರ ಬಳಿಕ, ಆಕೆ ತೀರಿಕೊಂಡರು.

ಆ ದುಃಖವಿನ್ನೂ ಹಸಿಯಾಗಿರುವಾಗಲೇ ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಸಮೀಕ್ಷೆಗೆ ಹೊರಟರು. ಶ್ರೀರಂಗಪಟ್ಟಣದ ಬಳಿ, ಹದಿನೇಳನೆಯ ಶತಮಾನದ ಕಟ್ಟೆಯೊಂದರಿಂದಾಗಿ ಕಾವೇರಿಯ ನಡುವೆ ಮೂಡಿದ ರಂಗನತಿಟ್ಟಿನ ನಡುಗಡ್ಡೆಗಳು ಅವರ ಕಣ್ಣಿಗೆ ಬಿದ್ದವು. ಬೆಳ್ಳಕ್ಕಿ, ಕೊಕ್ಕರೆ, ನೀರುಕಾಗೆಗಳು ಅಲ್ಲಿ ಗೂಡು ಕಟ್ಟಿ ಮರಿಮಾಡುತ್ತವೆ. ಈ ತಾಣವನ್ನು ರಕ್ಷಿಸಬೇಕೆಂದು ಅವರು ಮೈಸೂರಿನ ಒಡೆಯರಿಗೆ ಮನವರಿಕೆ ಮಾಡಿಕೊಟ್ಟರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಸಲೀಂ ಅಲಿಯವರು 1987ರಲ್ಲಿ ನಿಧನರಾದರು. ಅಲ್ಲಿಯ ಮರಗಳಲ್ಲಿ ಇಂದಿಗೂ ವರ್ಷವರ್ಷವೂ ಗೂಡುಗಳೇಳುತ್ತವೆ.